ನಾಲ್ಕನೇ ಮಹಡಿಯ ತಪಾಸಣೆ

ಗಂಡ ಕಾಂಪ್ಲೆಕ್ಸಿನ ಮ್ಯಾನೇಜರು. ಸಂಜೆ ತಡವಾದಾಗಲೆಲ್ಲ, “ನಾಲ್ಕನೇ ಮಹಡಿ ನೋಡ್ಕೊಂಡು ಬಂದೆ,” ಎನ್ನುತ್ತಿದ್ದ. ಆ ಮಹಡಿಯಲ್ಲಿದ್ದುದು ಒಂದು ಬ್ಯೂಟಿ ಪಾರ್ಲರ್ ಮಾತ್ರ.

“ಕ್ಯಾಮೆರಾ ಇದೆಯಲ್ಲ, ದಿನಾ ನೀವೇ ಹೋಗ್ಬೇಕಾ?” ಎಂದಳು ಹೆಂಡತಿ.

“ಕಣ್ಣಾರೆ ನೋಡಿದ ಹಾಗಾಗುತ್ತೇನೇ? ಗೋಡೆ ಮುಟ್ಟಿ ನೋಡ್ಬೇಕು, ನಲ್ಲಿ ತಿರುಗಿಸಿ ನೋಡ್ಬೇಕು.”

“ಇನ್ನೂ ಏನೇನು ಮುಟ್ಟಿ ನೋಡ್ತೀರೋ!”

ಹೊಟ್ಟೆಕಿಚ್ಚು ತಾಳಲಾರದೆ, ಒಂದು ಸಂಜೆ ದೇವರಿಗೆ ದೀಪ ಹಚ್ಚಿದವಳೇ ಹೊರಟು ಅಷ್ಟೂ ಮೆಟ್ಟಿಲು ಹತ್ತಿದಳು. ಪಾರ್ಲರಿನಾಕೆ ನಿಜಕ್ಕೂ ಚೆಲುವೆ.

“ನಾನು ಮ್ಯಾನೇಜರ್ ಹೆಂಡತಿ,” ಎಂದಳು ಬಿರುಸಾಗಿ.

ಆಕೆ ಓಡಿಬಂದು ಕೈ ಹಿಡಿದುಕೊಂಡಳು.

“ದೇವರು ಬಂದ ಹಾಗೆ ಬಂದ್ರಿ ಅಕ್ಕಾ! ಈ ತಾರಸಿ ನೋಡಿ, ವರ್ಷದಿಂದ ಸೋರ್ತಿದೆ. ನಿಮ್ಮ ಯಜಮಾನ್ರು ಒಂದೇ ಒಂದು ದಿನ ಈ ಮಹಡಿಗೆ ಹತ್ತಿ ಬಂದಿಲ್ಲ.”