ಕಿವಿಯ ಹೂವು

ಮರ ಹೂಬಿಟ್ಟಿರುವಷ್ಟು ದಿನ ಮೊಮ್ಮಗಳು ಅದರ ಕೆಳಗೆ ಕಾಲಿಡುವುದಿಲ್ಲ ಎಂದು ಮನ್ನೂಬಿಯಾ ಸೊಸೆಗೆ ಮಾತು ಕೊಟ್ಟದ್ದು ಆಸ್ಪತ್ರೆಯ ವರಾಂಡದಲ್ಲಿ. ಮೊಮ್ಮಗಳು ರಿತೇಜ್ ಆಗಿನ್ನೂ ತೊದಲುತ್ತಿದ್ದಳು. ಒಂದೇ ಒಂದು ಜೇನುನೊಣ ಕುಟುಕಿ ಗಂಟಲು ಬಾತು, ಉಸಿರು ನಿಂತೇಹೋಗಿತ್ತು. ಇನ್ನೊಮ್ಮೆ ಕುಟುಕಿದರೆ ಏನಾದೀತೆಂದು ವೈದ್ಯರು ಹೇಳಲಿಲ್ಲ. ಸೂಜಿಮದ್ದು ಸದಾ ಮನೆಯಲ್ಲಿರಲಿ ಎಂದಷ್ಟೇ ಅಂದರು.

ಅಂದಿನಿಂದ ನಾಬೆಲ್ ಊರಿನ ಆ ಮನೆಯಲ್ಲಿ ವಸಂತ ಬಂತೆಂದರೆ ರಿತೇಜ್ ಕಿಟಕಿಯ ಒಳಗೆ, ಕಹಿ ಕಿತ್ತಳೆಯ ಮರ ಹೊರಗೆ. ಈ ಬೆಳಿಗ್ಗೆಯೂ ಅಜ್ಜಿ ಏಣಿ ಹತ್ತಿ ಹೂ ಬಿಡಿಸಿ, ಹಾಸುಬಟ್ಟೆಯಲ್ಲಿ ಗಂಟು ಕಟ್ಟಿ ತಂದು ನಡುಮನೆಯಲ್ಲಿ ಹರಡಿದಳು. ಹೂವಿನದೇ ಬಿಳಿ ಬಣ್ಣದ ಜೇಡಗಳು ಏಡಿಯಂತೆ ಅಡ್ಡಡ್ಡ ಓಡಿದವು. ಸೊಸೆ ಸುಂದುಸ್ ಕಾಲು ಮೇಲೆತ್ತಿಕೊಂಡು, ಹೂನೀರು ಭಟ್ಟಿ ಇಳಿಸುವ ಹಂಡೆಗೆ ಇವೂ ಬೀಳಬೇಕೇ, ಹೊರಗೇ ಕೊಡವಿ ತರಬಾರದೇ ಎಂದು ಗೊಣಗಿದಳು.

"ಇರ್ಲಿ ಬಿಡೇ. ನಿನ್ನ ಗಂಡನ ಹಾಗೆ ಮೂಲೆ ಹಿಡಿದು ಕೂತಿರ್ತಾವೆ, ಕೆಲಸಕ್ಕೇನೂ ಅಡ್ಡ ಬರಲ್ಲ."

ಮೊಮ್ಮಗಳ ಸಪ್ಪೆ ಮುಖ ನೋಡಲಾಗದೆ ಮನ್ನೂಬಿಯಾ ಒಂದು ಗೊಂಚಲು ಎತ್ತಿ ಅವಳ ಕಿವಿಗೆ ಸಿಕ್ಕಿಸಿ, ಒಲೆ ಹಚ್ಚಲು ಹೋದಳು.

ತಿರುಗಿ ಬಂದಾಗ ಸುಂದುಸ್ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಮಗುವಿನ ಕಿವಿಯ ಹೂವಿನೊಳಗೆ ಜೇನುನೊಣ. ಸೊಸೆಯ ಕೈ ಟವೆಲಿನತ್ತ ಹೋದದ್ದನ್ನು ಅತ್ತೆ ಕಣ್ಣಲ್ಲೇ ತಡೆದು, ಮದ್ದಿನ ಕಪಾಟು ತೋರಿಸಿದಳು.

"ಅಜ್ಜೀ, ಯಾಕೆ ಹಾಗ್ ನೋಡ್ತೀಯ?"

"ಚೆಂದ ಕಾಣ್ತಿದೀಯ ಕಂದಾ. ಅಮ್ಮ ಫೋಟೋ ತೆಗೀತಾಳೆ. ಅಲ್ಲಾಡ್ಬೇಡ."

ಒಂದೊಂದೇ ಹೆಜ್ಜೆ. ನೊಣ ರೆಕ್ಕೆ ಬಿಚ್ಚಲಿಲ್ಲ. ಮುದುಕಿ ತೊಟ್ಟು ಹಿಡಿದು ಮೆಲ್ಲಗೆ ಎಳೆದಳು. ಹೂ ಕೈಗೆ ಬಂತು. ನೊಣ ಆಗಲೂ ಹಾರಲಿಲ್ಲ. ಅದರ ಕತ್ತಿನ ಹಿಂದೆ, ಎಸಳೇ ಎದ್ದು ಕೂತಂತೆ, ಬಿಳಿ ಜೇಡವೊಂದು ಮುಂಗಾಲುಗಳಿಂದ ಅದನ್ನು ತಬ್ಬಿ ಹಿಡಿದಿತ್ತು. ನೊಣ ಸತ್ತು ಎಷ್ಟು ಹೊತ್ತಾಗಿತ್ತೋ.

ಮನ್ನೂಬಿಯಾ ಹೊರಗೆ ಹೋಗಿ ಗೊಂಚಲನ್ನು ಮರದ ಕವಲಿನಲ್ಲಿಟ್ಟು ಬಂದಳು.

"ಫೋಟೋ ತೋರ್ಸಮ್ಮಾ," ಎಂದಿತು ಮಗು. ತಾಯಿಯ ಬೆನ್ನ ಹಿಂದಿನ ಕೈಯಲ್ಲಿ ಮುಚ್ಚಳ ತೆಗೆದ ಸೂಜಿ ಇತ್ತು.

"ಮಾತು ಕೊಟ್ಟಿದ್ರಿ, ಅತ್ತೆ."

ಮುದುಕಿ ಹರಡಿದ ಹೂವನ್ನೆಲ್ಲ ಮತ್ತೆ ಹಾಸುಬಟ್ಟೆಯಲ್ಲಿ ಗಂಟು ಕಟ್ಟತೊಡಗಿದಳು. ಮಗು ಮರದ ಕೆಳಗೆ ಕಾಲಿಟ್ಟಿರಲಿಲ್ಲ. ಆ ಲೆಕ್ಕದಲ್ಲಿ ಕೊಟ್ಟ ಮಾತು ಮುರಿದಿರಲಿಲ್ಲ.