ಬೆರೆಸದೆ ಉಳಿದ ಪೀಪಾಯಿ

ಗುಡ್ಡದ ಮೇಲೆ ಬಳ್ಳಿ ಕೀಳುವ ಯಂತ್ರ ಬಂದು ನಿಂತಾಗ ರೋಸ್ವಿತಾ ಹಂದಿಮಾಂಸವನ್ನು ಒಲೆಯಿಂದ ಇಳಿಸುತ್ತಿದ್ದಳು. ಅಜ್ಜ ನೆಟ್ಟ ಎಂಟು ಸಾಲು ಝೀರ್ಫಾಂಡ್ಲರ್ ತಳಿಯ ದ್ರಾಕ್ಷಿಬಳ್ಳಿ ಊಟವಾದ ಮೇಲೆ ಇರುವುದಿಲ್ಲ. ಅಣ್ಣ ವೆಂಡೆಲಿನ್ ತೀರ್ಮಾನ ಮಾಡಿಯಾಗಿತ್ತು. ವೈನಿನ ವಿಷಯದಲ್ಲಿ ಗುಂಪೋಲ್ಡ್ಸ್‌ಕಿರ್ಖೆನ್ ಊರಿಗೆ ಊರೇ ಅವನ ನಾಲಿಗೆಯನ್ನು ನಂಬುತ್ತಿತ್ತು, ಇನ್ನು ತಂಗಿಯ ಮಾತು ಯಾವ ಲೆಕ್ಕ.

"ಆ ಹಣ್ಣು ಒಂಟಿಯಾಗಿ ಬರೀ ಹುಳಿ. ಅದಕ್ಕೇ ಅಪ್ಪ ಇನ್ನೊಂದು ತಳಿ ಜೊತೆ ಬೆರೆಸ್ತಿದ್ರು," ಎಂದ ಅವನು ಕೂರುತ್ತಾ. "ಮಾಗೋದೂ ತಡ. ಮತ್ತೆ ಶುರು ಮಾಡ್ಬೇಡ."

"ನಾನೇನಂದೆ ಈಗ? ಊಟ ಮಾಡಣ್ಣ."

ಮಾಂಸ, ಹುಳಿ ಎಲೆಕೋಸು, ಕಡುಬು ಬಡಿಸಿ, ಹೂಜಿಯಿಂದ ಲೋಟಕ್ಕೆ ವೈನ್ ಸುರಿದಳು. ಅವನು ಕುಡಿದ. ಒಂದು ತುತ್ತು ಕೊಬ್ಬಿನ ಮಾಂಸ, ಮತ್ತೊಂದು ಗುಟುಕು. ತಟ್ಟೆ ಅರ್ಧವಾಗುವಷ್ಟರಲ್ಲಿ ಹೂಜಿಯನ್ನು ತಾನೇ ಎಳೆದುಕೊಂಡಿದ್ದ.

"ಜಿಡ್ಡು ಬಾಯಲ್ಲಿ ನಿಲ್ತಾನೇ ಇಲ್ಲ. ಯಾರ ತೋಟದ್ದಿದು?"

"ನೀನೇ ಹೇಳು."

ಮೂಸಿದ. ಬೆಳಕಿಗೆ ಹಿಡಿದ. ಪಕ್ಕದವರ ಹೆಸರು ಹೇಳಿದ, ಆಮೇಲೆ ಡ್ಯಾನ್ಯೂಬ್ ದಂಡೆಯ ಯಾವುದೋ ಊರಿನ ಹೆಸರು ಹೇಳಿದ. ಅವಳು ಎರಡಕ್ಕೂ ತಲೆಯಾಡಿಸಿ ಇಲ್ಲವೆಂದಳು. ಅವನ ಕಿವಿ ಕೆಂಪಾಯಿತು.

ಅಷ್ಟರಲ್ಲಿ ಯಂತ್ರದ ಚಾಲಕ ಬಾಗಿಲಿಗೆ ಬಂದ. "ಯಜಮಾನ್ರೇ, ಶುರು ಮಾಡ್ಲಾ?"

"ಹೂಂ, ಮಾಡು," ಎಂದ ವೆಂಡೆಲಿನ್, ಲೋಟದಿಂದ ಕಣ್ಣೆತ್ತದೆ.

"ಅಣ್ಣ, ನಿನ್ನ ಲೋಟದಲ್ಲಿರೋದನ್ನೇ ಕೀಳೋಕೆ ಹೇಳ್ತಿದೀಯ," ಎಂದಳು ರೋಸ್ವಿತಾ. "ಹೋದ ಸುಗ್ಗೀಲಿ ನೀನು ಜ್ವರ ಬಂದು ಮಲಗಿದ್ಯಲ್ಲ, ಆಗ ಒಂದು ಪೀಪಾಯಿ ಬೆರೆಸದೆ ಇಟ್ಟೆ."

ವೆಂಡೆಲಿನ್ ಮೇಜು ಗುದ್ದಿದ. "ನನ್ನ ಕೇಳದೆ? ಅಪ್ಪನ ಪದ್ಧತಿ ಬಿಟ್ಟು?"

ಅವಳಿಗೆ ಹೆದರಿಕೆಯಾಯಿತು, ಆದರೆ ಜಾಗ ಬಿಟ್ಟು ಕದಲಲಿಲ್ಲ. ಚಾಲಕ ತನ್ನ ಬೂಟುಗಳನ್ನೇ ನೋಡುತ್ತಾ ನಿಂತ. ವೆಂಡೆಲಿನ್ ಲೋಟ ಎತ್ತಿ, ಈ ಸಲ ನಿಧಾನವಾಗಿ, ಕೊನೆಯ ಹನಿಯವರೆಗೆ ಕುಡಿದ.

"ಯಂತ್ರ ವಾಪಸ್ ತಗೊಂಡು ಹೋಗಪ್ಪ," ಎಂದ ಚಾಲಕನಿಗೆ.

ಚಾಲಕ ಹೋದಮೇಲೆ ಅವನು ಬರಿದಾದ ಲೋಟವನ್ನು ಮೇಜಿನ ಮೇಲಿಟ್ಟ. "ಇದು ಒಂಟಿಯಾಗೇ ರುಚಿ ಅಂತ ಅಪ್ಪನಿಗೂ ಗೊತ್ತಾಗ್ಲಿಲ್ಲ, ನನಗೂ ಗೊತ್ತಾಗ್ಲಿಲ್ಲ," ಎಂದ. "ನಿನಗ್ಯಾರು ಹೇಳಿದ್ದು?"

"ಅಮ್ಮ. ಮದುವೆಯಾಗಿ ಈ ಮನೆಗೆ ಬಂದಾಗಿಂದ, ನೀವು ಬೆರೆಸೋಕೆ ಮುಂಚೆ ಪ್ರತಿ ವರ್ಷ ಒಂದು ಜಾಡಿ ಎತ್ತಿಡ್ತಿದ್ಳು. ನಿಮಗೆಲ್ಲ ಬಡಿಸಿ ಆದ್ಮೇಲೆ ಒಲೆ ಹತ್ರ ಕೂತು, ಊಟದ ಜೊತೆ ಅದನ್ನೇ ಕುಡೀತಿದ್ಳು."

"ನಲವತ್ತು ವರ್ಷ? ನಮಗೊಂದು ಮಾತು ಹೇಳಬಾರದಿತ್ತಾ?"

ರೋಸ್ವಿತಾ ಅವನ ಮುಂದಿನ ತಟ್ಟೆ ತೆಗೆದಳು.

"ಅವಳು ಏನು ಕುಡೀತಾಳೆ ಅಂತ ನಿಮ್ಮಲ್ಲಿ ಯಾರಾದ್ರೂ ಕೇಳಿದ್ರಾ?"