ಹಿತ್ತಲ ಗೊಬ್ಬರ

ತಾರಸಿಯಲ್ಲಿ ಬಾಡಿಗೆಗಿದ್ದ ಹುಡುಗಿಯ ಕುಂಡ ನೋಡಿದ್ದೇ ರುದ್ರಮುನಿಯವರ ಪಿತ್ತ ನೆತ್ತಿಗೇರಿತು. ಹೋದ ವರ್ಷ ರಿಟೈರಾಗುವ ತನಕ ಅಬಕಾರಿ ಇಲಾಖೆಯಲ್ಲಿದ್ದು ಗಾಂಜಾ ಹಿಡಿದವರು. ಆ ಎಲೆಯನ್ನು ಅವರಿಗೆ ಯಾರೂ ಪರಿಚಯ ಮಾಡಿಕೊಡಬೇಕಿರಲಿಲ್ಲ. ಮೊದಲು ಸ್ಟೇಷನ್ನಿಗೆ ಫೋನ್ ಮಾಡಿದರು, ಆಮೇಲೆ ಅವಳನ್ನು ಮೇಲಕ್ಕೆ ಕರೆದರು.

"ಏನಮ್ಮಾ, ನನ್ನ ಮನೆ ಮೇಲೇ ಗಾಂಜಾ ಬೆಳೀತೀಯಾ?"

"ಗಾಂಜಾನಾ? ನಾನು ಹಾಕಿದ್ದು ಮೆಂತ್ಯ, ಸಾರ್. ಇದು ತಾನಾಗಿ ಹುಟ್ಟಿತು. ಚೆಂಡು ಹೂವಿನ ಗಿಡ ಅಂದ್ಕೊಂಡು ಬಿಟ್ಟಿದ್ದೆ."

"ತಾನಾಗಿ ಹುಟ್ಟೋಕೆ ಇದೇನು ಗರಿಕೇನಾ? ಇಂಥ ಕತೆ ಬೇಕಾದಷ್ಟು ಕೇಳಿದೀನಿ. ಪೊಲೀಸರು ಬರ್ತಿದ್ದಾರೆ, ಅವರ ಮುಂದೆ ಹೇಳು."

ಅವಳು ಕುಂಡದ ಮಣ್ಣು ತೋರಿಸಿದಳು. "ಮಣ್ಣಲ್ಲೇ ಬೀಜ ಇತ್ತೇನೋ, ಸಾರ್. ಮಣ್ಣು, ಗೊಬ್ಬರ ಎಲ್ಲ ನೀವೇ ಕೊಟ್ಟಿದ್ದು."

ರುದ್ರಮುನಿಯವರಿಗೆ ಮೈಯೆಲ್ಲ ಉರಿದುಹೋಯಿತು. ಹಿತ್ತಲ ಗುಂಡಿಯಲ್ಲಿ ಸೊಪ್ಪುಸದೆ ಕೊಳೆಸಿ, ಸಗಣಿ ಕಲಸಿ, ಚಿಟಿಕೆ ರಾಸಾಯನಿಕವನ್ನೂ ಸೋಕಿಸದೆ ಅವರೇ ಕೈಯಾರೆ ಮಾಡಿದ ಗೊಬ್ಬರ. ಬೀದಿಯವರೆಲ್ಲ ಕೇಳಿ ಒಯ್ಯುತ್ತಿದ್ದರು.

"ನೀನು ಮಾಡಿದ್ದಕ್ಕೆ ನನ್ನ ಗೊಬ್ಬರದ ಮೇಲೆ ಗೂಬೆ ಕೂರಿಸ್ತೀಯಾ? ಇವತ್ತೇ ಮನೆ ಖಾಲಿ ಮಾಡು."

ಗಲಾಟೆ ಕೇಳಿ ಹೆಂಡತಿ ಮೆಟ್ಟಿಲು ಹತ್ತಿ ಬಂದರು. ಕುಂಡದ ಹತ್ತಿರ ಬಗ್ಗಿ ಆ ಗಿಡವನ್ನು ನೋಡುತ್ತ ನಿಂತರು. ಕೆಳಗೆ ಗೇಟಿನ ಹತ್ತಿರ ಜೀಪು ಬಂದು ನಿಂತ ಸದ್ದಾಯಿತು.

"ರೀ," ಎಂದರು ಮೆಲ್ಲಗೆ, "ಹಿಡಿದ ಗಾಂಜಾನ ಸುಟ್ಟುಬಿಡಿ ಅಂತ ಆಫೀಸಿನವರು ಕೊಟ್ಟಾಗ, ಒಳ್ಳೆ ಸೊಪ್ಪು ಸುಮ್ಮನೆ ಬೂದಿ ಆಗುತ್ತೆ ಅಂತ ತಂದು ನಮ್ಮ ಗುಂಡಿಗೇ ಸುರಿದ್ರಲ್ಲ, ಅದರಲ್ಲಿ ಬೀಜ ಇತ್ತೇನ್ರೀ?"